ಅರ್ಧಾಳು ಶಿಗೆನೊ

ಆಸೊ ಬೆಟ್ಟದ ತಪ್ಪಲಿನ ಮಿನೆಬರು ಊರಿನಲ್ಲಿ ಮನುಷ್ಯರನ್ನು ಎಣಿಸುವ ಕ್ರಮವೇ ಬೇರೆ. ಗುಡ್ಡದ ಕೆಲಸಕ್ಕೆ ಬಂದ ಗಂಡಸು ಒಂದು ಆಳು. ಹೆಂಗಸು ಅರ್ಧ ಆಳು. ಎಪ್ಪತ್ತು ದಾಟಿದ ಗಂಡಸೂ ಅರ್ಧವೇ. ಆದರೆ ಮುದುಕರ ಹೆಸರು ಕೂಗುವಾಗ ಗುಡ್ಡದ ಮುಖ್ಯಸ್ಥ ತೊಕುಜಿ ಕೆಮ್ಮಿದಂತೆ ಮಾಡಿ 'ಅರ್ಧ' ಎಂಬುದನ್ನು ಬಾಯೊಳಗೇ ನುಂಗಿಬಿಡುತ್ತಿದ್ದ. ಹೆಂಗಸರ ಸರದಿ ಬಂದಾಗ ಅದೇ ಗಂಟಲು ಚೆನ್ನಾಗಿ ಬಿಚ್ಚಿಕೊಳ್ಳುತ್ತಿತ್ತು. "ಶಿಗೆನೊ, ಅರ್ಧ!" ಎಂದು ಅವನು ಕೂಗಿದರೆ ಆಚೆ ಕಣಿವೆಯ ದನಗಳೂ ತಲೆ ಎತ್ತುತ್ತಿದ್ದವು.

ಈ ಲೆಕ್ಕ ಮಾಡಿಟ್ಟ ಮಹಾನುಭಾವ ಯಾರೋ ಗೊತ್ತಿಲ್ಲ. ಒಂದು ದಿನವಾದರೂ ಶಿಗೆನೊಳ ಪಕ್ಕದಲ್ಲಿ ನಿಂತು ಕುಡುಗೋಲು ಹಿಡಿದಿದ್ದರೆ ಅವನು ಹಾಗೆ ಮಾಡುತ್ತಿರಲಿಲ್ಲ. ಅವಳು ಎಡಗೈಯವಳು. ಅರವತ್ತೊಂದು ವಯಸ್ಸು, ಗಿಡ್ಡ ಮೈಕಟ್ಟು, ಬಿಸಿಲಿಗೆ ಬೆಂದು ಕಂದಿದ ಮುಖ, ತಲೆಗೆ ಸದಾ ಬಿಗಿದು ಕಟ್ಟಿದ ಬಿಳಿ ಬಟ್ಟೆ. ಸೆಪ್ಟೆಂಬರಿನಲ್ಲಿ ಬೆಂಕಿ ರೇಖೆ, ಅಂದರೆ ಬೆಂಕಿ ದಾಟದಂತೆ ಬೋಳಿಸುವ ಪಟ್ಟಿ, ಕೊಯ್ಯುವ ಕೆಲಸ ಶುರುವಾದರೆ, ನಿಂತರೆ ಜಾರುವಂಥ ಕಡಿದಾದ ಜಾಗದಲ್ಲಿ ಗಂಡಸರು ಹಗ್ಗ ಹುಡುಕುತ್ತಿದ್ದಾಗ ಇವಳು ಬಗ್ಗಿ, ಒಂದು ಮೊಣಕಾಲು ಮಣ್ಣಿಗೆ ಊರಿ, ಸರ ಸರ ಕೊಯ್ದುಕೊಂಡು ಮೇಲೇರಿಬಿಡುತ್ತಿದ್ದಳು. ಸಂಜೆ ಎಲ್ಲರೂ ಕೂತು ಅನ್ನದ ಉಂಡೆ, ತಕಾನ ಸೊಪ್ಪಿನ ಉಪ್ಪಿನಕಾಯಿ ತಿನ್ನುವಾಗ ಹಿಂದಿರುಗಿ ನೋಡಿದರೆ, ಬೋಳಾದ ಪಟ್ಟಿಯಲ್ಲಿ ಅವಳ ಪಾಲು ಯಾವುದೆಂದು ಕೇಳಬೇಕಾಗಿರಲಿಲ್ಲ. ಎಲ್ಲಕ್ಕಿಂತ ಉದ್ದದ್ದೇ ಅವಳದು.

ಗಂಡ ಮಾಸಕಿಚಿ ಇದ್ದಷ್ಟು ಕಾಲ ಈ ಲೆಕ್ಕ ಅವಳನ್ನು ತಟ್ಟಿರಲಿಲ್ಲ. ಮನೆಗೆ ಅವನೊಬ್ಬ ಪೂರ್ತಿ ಆಳು ಇದ್ದ. ಇವಳದು ಮೇಲೆ ಹಾಕಿದ ಕೊಸರು. ಅವನು ಎದೆನೋವಿನಲ್ಲಿ ತೀರಿಕೊಂಡ ಮೇಲೆ ಮನೆಯ ಲೆಕ್ಕ ಅರ್ಧಕ್ಕೆ ಇಳಿಯಿತು. ಮಕ್ಕಳಿರಲಿಲ್ಲ. ಊರಿನ ಗುಡ್ಡ ಯಾರೊಬ್ಬರದೂ ಅಲ್ಲ, ನಲವತ್ತು ಮನೆಗಳದು. ದನ ಮೇಯಿಸುವ ಹಕ್ಕು, ಹುಲ್ಲು ಕೊಯ್ಯುವ ಹಕ್ಕು ಬೇಕೆಂದರೆ ಮನೆಯಿಂದ ಒಂದು ಪೂರ್ತಿ ಆಳು ಶರತ್ಕಾಲದಲ್ಲಿ ಬೆಂಕಿ ರೇಖೆಗೂ, ಮಾರ್ಚಿನಲ್ಲಿ ಗುಡ್ಡ ಸುಡುವುದಕ್ಕೂ ಬರಬೇಕು. ಸತತ ಮೂರು ವರ್ಷ ಪೂರ್ತಿ ಆಳು ಕೊಡದ ಮನೆ ಹಕ್ಕು ಕಳೆದುಕೊಳ್ಳುತ್ತದೆ. ಕೂಲಿ ಕೊಟ್ಟು ಬೇರೆಯವರನ್ನು ಕಳಿಸುವಂತಿಲ್ಲ. ಹಿಂದಿನ ವರ್ಷವೇ ಪಕ್ಕದ ಮನೆಯ ವಿಧವೆ ಹಾತ್ಸುಯೊಗೆ ಹಾಗಾಗಿತ್ತು. ಮೇಯಿಸಲು ಜಾಗವಿಲ್ಲದೆ ಅವಳು ತನ್ನ ಕೆಂಪು ಹಸುವನ್ನು ಮಾರಿ, ಮೂರು ದಿನ ಬಾಗಿಲು ಹಾಕಿಕೊಂಡು ಕೂತಿದ್ದಳು. ಶಿಗೆನೊಳ ಮೂರನೆಯ ವರ್ಷ ಬರುವ ಏಪ್ರಿಲ್ ಸಭೆಗೆ ಮುಗಿಯುತ್ತಿತ್ತು. ಅವಳ ಕೊಟ್ಟಿಗೆಯಲ್ಲೂ ಒಂದು ಕೆಂಪು ಹಸು ಇತ್ತು, ಗಬ್ಬದ ಹಸು.

"ನೀನೂ ಹಾತ್ಸುಯೊನೂ ಒಂದೇ ಮನೇಲಿದ್ದುಬಿಡಿ ಅಕ್ಕ, ಎರಡು ಅರ್ಧ ಸೇರಿ ಒಂದಾಗ್ತೀರಿ," ಎಂದು ಒಮ್ಮೆ ಕಾನೆಮಾತ್ಸು ನಗೆಯಾಡಿದ. ಊರಿಗೆಲ್ಲ ಬಾಯಿಬಡುಕನೆಂದೇ ಹೆಸರಾದವನು ಅವನು. ಕೆಲಸಕ್ಕಿಂತ ಮೊದಲು ಮಾತು ಬರುತ್ತಿತ್ತು.

"ಆಗಬಹುದು. ಆದ್ರೆ ನೀನು ಮಾತ್ರ ಆ ಕಡೆ ಬರಬೇಡಪ್ಪ. ನೀನು ಸೇರಿದ್ರೆ ನಾವು ಮತ್ತೆ ಅರ್ಧಕ್ಕೆ ಇಳೀತೀವಿ," ಎಂದಳು ಶಿಗೆನೊ, ಕುಡುಗೋಲು ಮಸೆಯುತ್ತ, ಮುಖ ಎತ್ತದೆ.

ಸುತ್ತ ಕೂತವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾನೆಮಾತ್ಸು ಕೂಡ ನಕ್ಕ, ಬೇರೆ ದಾರಿಯಿರಲಿಲ್ಲ.

ಗುಡ್ಡದಲ್ಲಿ ಅವಳ ಪಾಲಿಗೆ ಬಂದದ್ದು ಒಂದು ಸಣ್ಣ ಇಳಿಜಾರು, ಎರಡು ಗದ್ದೆಯಷ್ಟು ಅಗಲದ್ದು. ಅದನ್ನು ಅವಳು ಕೊಯ್ಯುವ ರೀತಿ ನೋಡಿದವರು ತಲೆ ಚಚ್ಚಿಕೊಳ್ಳುತ್ತಿದ್ದರು. ಉಳಿದವರೆಲ್ಲ ಯಂತ್ರ ಕೊಂಡಿದ್ದರು. ಎಂಜಿನ್ ಗುರ್ರೆಂದರೆ ಅರ್ಧ ದಿನದಲ್ಲಿ ಒಂದು ಗುಡ್ಡದ ಹೆಗಲು ಬೋಳು. ಶಿಗೆನೊ ಸೆಪ್ಟೆಂಬರಿನಲ್ಲಿ ಒಮ್ಮೆ ಕುಡುಗೋಲು ಹಿಡಿದು ಹೋಗಿ ಎತ್ತರದ ಕಯಾ ಹುಲ್ಲನ್ನು ಮಾತ್ರ ಕೊಯ್ದು, ಅದರ ನಡುವೆ ನಿಂತ ಹೂಗಿಡಗಳನ್ನು ಸುತ್ತು ಹಾಕಿ ಬಿಟ್ಟು ಬರುತ್ತಿದ್ದಳು. ಸಾಸಿವೆ ಚೆಲ್ಲಿದಂಥ ಹಳದಿ ಒಮಿನಾಯೆಶಿ, ನೀಲಿ ಗಂಟೆಯಂಥ ಕಿಕ್ಯೊ, ಮುಳ್ಳುಮುಳ್ಳಾದ ನೀಲಿ ಚೆಂಡಿನಂಥ ಹಿಗೊತಾಯ್, ಇನ್ನೂ ಹೆಸರಿಲ್ಲದ, ಅಥವಾ ಅವಳಿಗೊಬ್ಬಳಿಗೇ ಹೆಸರು ಗೊತ್ತಿದ್ದ ಹತ್ತಾರು. ಅವೆಲ್ಲ ಬಲಿತು ಬೀಜ ಉದುರಿಸಿದ ಮೇಲೆ ಅಕ್ಟೋಬರ್ ಕೊನೆಗೆ ಎರಡನೇ ಸಲ ಹೋಗಿ, ನೆಲಮಟ್ಟಕ್ಕೆ ಎಲ್ಲವನ್ನೂ ಕೊಯ್ದು ತರುತ್ತಿದ್ದಳು. ಒಂದು ಕೆಲಸಕ್ಕೆ ಎರಡು ದುಡಿಮೆ.

ಇದನ್ನು ಅವಳಿಗೆ ಕಲಿಸಿದ್ದು ಅತ್ತೆ. ಬರಿಯ ಹುಲ್ಲು ಹಸುವಿನ ಹೊಟ್ಟೆ ತುಂಬಿಸುತ್ತದೆ, ಹಸುವನ್ನು ನೆಟ್ಟಗಿಡುವುದು ಈ ಪುಡಿ ಗಿಡಗಳು ಎಂದು ಆ ಮುದುಕಿ ಹೇಳುತ್ತಿದ್ದಳಂತೆ. ಶಿಗೆನೊ ಅದನ್ನು ಕಣ್ಣಾರೆ ಕಂಡಿದ್ದಳು. ಚಳಿಗಾಲದಲ್ಲಿ ಒಣಹುಲ್ಲಿನ ಕಂತೆ ಬಿಚ್ಚಿ ಹಾಕಿದರೆ ಹಸು ನಾಲಿಗೆಯಿಂದ ತಡಕಿ ತಡಕಿ ಮೊದಲು ಹೂಗಿಡದ ಎಲೆಗಳನ್ನೇ ಹೆಕ್ಕಿ ತಿನ್ನುತ್ತಿತ್ತು. ಮೇಯುವಾಗ ಅದು ಬಾಯಿ ಹಾಕದ ಗಿಡವೆಂದರೆ ಕುರಾರ ಒಂದೇ, ಅಷ್ಟು ಕಹಿ. ದನ ಮುಟ್ಟದ್ದರಿಂದಲೇ ಆ ಕಹಿಗಿಡ ಗುಡ್ಡದ ತುಂಬ ಉಳಿದಿತ್ತು, ಅದರ ಮೊಗ್ಗಿನ ಮೇಲೆ ಬೆರಳುಗುರಿನಷ್ಟು ಪುಟ್ಟ ನೀಲಿ ಚಿಟ್ಟೆಗಳು ಮೊಟ್ಟೆಯಿಡುತ್ತಿದ್ದವು. ಹುಲ್ಲು, ಹೂವು, ಹಸು, ಬೆಂಕಿ ಇವು ನಾಲ್ಕೂ ಒಂದಕ್ಕೊಂದು ಜಗಳವಾಡುತ್ತಲೇ ಒಂದನ್ನೊಂದು ಬದುಕಿಸಿಕೊಂಡಿವೆ ಎಂದು ಅವಳಿಗೆ ತಿಳಿದಿತ್ತು. ಕೊಯ್ಯದೆ ಬಿಟ್ಟರೆ ಕಯಾ ಆಳೆತ್ತರ ಬೆಳೆದು ಕೆಳಗೆ ಬಿಸಿಲು ಬೀಳದಂತೆ ಮಾಡುತ್ತದೆ. ಮೊದಲ ವರ್ಷ ಕಿಕ್ಯೊ ಹೋಗುತ್ತದೆ, ಮೂರನೆಯ ವರ್ಷಕ್ಕೆ ಒಮಿನಾಯೆಶಿಯೂ ಕಾಣುವುದಿಲ್ಲ. ಬೆಂಕಿ ಹಾಗಲ್ಲ. ಮಾರ್ಚಿನಲ್ಲಿ ಹೂಗಿಡಗಳ ಜೀವವೆಲ್ಲ ಮಣ್ಣಿನ ಕೆಳಗೆ ಮಲಗಿರುತ್ತದೆ. ಮೇಲಿನ ಕಸ ಸುಟ್ಟು ಹೋದರೆ ಅವಕ್ಕೆ ಹೊದಿಕೆ ಸರಿಸಿ ಎಬ್ಬಿಸಿದ ಹಾಗೆ.

ಆ ವರ್ಷದ ಆಗಸ್ಟಿನಲ್ಲಿ, ಸತ್ತ ಹಿರಿಯರು ಮನೆಗೆ ಬರುವ ಬೊನ್ ದಿನಗಳ ಮುಂಚೆ, ಊರಿನ ರೂಢಿಯಂತೆ ಎಲ್ಲ ಮನೆಯವರೂ ಗೋರಿಗೆ ಹೂವು ತರಲು ಗುಡ್ಡ ಹತ್ತಿದರು. ಶಿಗೆನೊ ತನ್ನ ಇಳಿಜಾರಿನ ಹೂವನ್ನು ಬೀಜಕ್ಕೆಂದು ಬಿಟ್ಟು, ಸಣ್ಣ ಕೊರಕಲು ದಾಟಿ, ಪಕ್ಕದ ಕಾಗೆಗುಡ್ಡಕ್ಕೂ ಹೋದಳು. ಊರಿನ ದನ ಅರ್ಧಕ್ಕರ್ಧ ಕಡಿಮೆಯಾಗಿದ್ದರಿಂದ ಆ ಗುಡ್ಡವನ್ನು ನಾಲ್ಕು ವರ್ಷದಿಂದ ಯಾರೂ ಕೊಯ್ದಿರಲಿಲ್ಲ. ಕಳೆದ ಎರಡು ವರ್ಷ ಮಾರ್ಚಿನಲ್ಲಿ ಮಳೆ ಹಿಡಿದು ಸುಟ್ಟೂ ಇರಲಿಲ್ಲ. ಅವಳು ಅಲ್ಲಿ ಮಧ್ಯಾಹ್ನದವರೆಗೆ ಹುಡುಕಿದಳು. ಮಾಸಕಿಚಿಯ ಗೋರಿಗೆಂದು ಒಂದೇ ಒಂದು ಹೂವು ಸಿಗಲಿಲ್ಲ. ಕಾಲಿಟ್ಟಲ್ಲಿ ಹಳೆಯ ಹುಲ್ಲು ಮೊಣಕಾಲುದ್ದ ಕುಸಿಯಿತು, ಮೇಲಿನದು ಹಸಿರು, ಕೆಳಗೆ ವರ್ಷಗಳ ಒಣಕಲು ಪದರ ಪದರ. ಅವಳು ಕೈ ತೂರಿಸಿ ಒಂದು ಹಿಡಿ ಎಳೆದು ಹಿಸುಕಿದಳು. ಪುಡಿಪುಡಿಯಾಯಿತು. ಆಗ ಅವಳಿಗೆ ಗಂಡನ ಗೋರಿಯ ನೆನಪು ಹೋಗಿ ಬೇರೆಯೇ ಯೋಚನೆ ಹತ್ತಿತು.

ಫೆಬ್ರವರಿಯಲ್ಲಿ ಸುಡುವ ದಿನ ಗೊತ್ತುಮಾಡಲು ಸಭೆ ಸೇರಿದಾಗ ಅವಳು ಎದ್ದು ನಿಂತಳು. ಅರ್ಧಾಳುಗಳು ಸಭೆಯಲ್ಲಿ ಚಹಾ ಹಂಚಬಹುದು, ಮಾತಾಡಬಾರದೆಂದು ಯಾರೂ ಬರೆದಿಟ್ಟಿರಲಿಲ್ಲ. ಆದರೆ ಯಾರೂ ಮಾತಾಡಿಯೂ ಇರಲಿಲ್ಲ.

"ಯಜಮಾನ್ರೇ, ಕಾಗೆಗುಡ್ಡಾನ ಈ ಸಲ ಯಾವಾಗಲಿನ ಥರ ಸುಡಬೇಡಿ. ಅಲ್ಲಿ ಹೂವೇ ಇಲ್ಲ."

ತೊಕುಜಿ ಕೆಟ್ಟವನಲ್ಲ. ಐವತ್ತೆಂಟರ ಗಟ್ಟಿ ಆಳು, ಊರಿನ ಕೆಲಸಕ್ಕೆ ತನ್ನ ಮನೆಯ ಕೆಲಸ ಬಿಟ್ಟು ಓಡುವವನು. ಆದರೆ ಒಂದು ಸಲ ಒಂದು ವಿಷಯ ಅರ್ಥವಾಯಿತೆಂದು ಅನಿಸಿದರೆ ಅವನ ಕಿವಿ ಅಲ್ಲಿಗೇ ಮುಚ್ಚಿಕೊಳ್ಳುತ್ತಿತ್ತು. ಈಗಲೂ ಹಾಗೇ ಆಯಿತು. ವಿಧವೆ, ಬೊನ್, ಗೋರಿ, ಹೂವು. ಅವನ ಮುಖ ಮೆತ್ತಗಾಯಿತು.

"ನಂಗೆ ಅರ್ಥ ಆಗ್ತದೆ ಅಕ್ಕ. ಮಾಸಕಿಚಿ ಅಣ್ಣಂಗೆ ಹೂವು ಸಿಗ್ಲಿಲ್ಲ ಅಂತ ನಿಂಗೆ ಬೇಜಾರು. ಬರೋ ವರ್ಷ ನಮ್ಮ ಹಿತ್ತಲಿಂದ ಸೇವಂತಿಗೆ ಕೊಡ್ತೀನಿ, ಕೂತ್ಕೊ."

"ನಾನು ಗೋರಿ ವಿಷಯ ಹೇಳ್ತಾ ಇಲ್ಲ. ಬೆಂಕಿ ವಿಷಯ ಹೇಳ್ತಾ ಇದೀನಿ."

"ಹೂವಿಗೂ ಬೆಂಕಿಗೂ ಎಲ್ಲಿಯ ನೆಂಟಸ್ತಿಕೆ ಅಕ್ಕ?" ಎಂದ ಕಾನೆಮಾತ್ಸು ಮೂಲೆಯಿಂದ. "ಮದುವೆ ಯಾವಾಗ? ಊಟ ಇದ್ಯಾ?"

ಸಭೆ ನಕ್ಕಿತು. ಶಿಗೆನೊ ನಗು ನಿಲ್ಲುವವರೆಗೆ ಕಾದಳು. "ಹೂವು ಇದ್ದಲ್ಲಿ ಹುಲ್ಲು ತೆಳ್ಳಗಿದೆ ಅಂತ ಅರ್ಥ. ಅಲ್ಲಿ ಬೆಂಕಿ ಪಾದದಷ್ಟು ಎತ್ತರ ಓಡ್ತದೆ, ಹೋಗ್ತದೆ. ಹೂವು ಹೋದಲ್ಲಿ ಕೆಳಗೆ ವರ್ಷಗಳ ಒಣಕಲು ಕೂತಿದೆ. ಮನೆ ಎತ್ತರ ಏಳ್ತದೆ. ಮೊದಲು ಕೊಯ್ದು ಪಟ್ಟಿ ಪಟ್ಟಿ ಮಾಡಿ, ಆಮೇಲೆ ಸುಡಿ. ಗಂಡಸರನ್ನ ಆ ನಡುದಾರೀಲಿ ನಿಲ್ಲಿಸಬೇಡಿ."

"ನಲವತ್ತು ವರ್ಷದಿಂದ ಬೆಂಕಿ ಎಳೀತಾ ಇದೀನಿ," ಎಂದ ತೊಕುಜಿ. ಈಗ ಅವನ ದನಿಯಲ್ಲಿ ಮೆತ್ತಗಿದ್ದುದು ಹೋಗಿತ್ತು. "ಕಾಗೆಗುಡ್ಡಕ್ಕೆ ಏಳು ಜನ ಮೇಲೆ, ಹನ್ನೆರಡು ಜನ ಕೆಳಗೆ. ನಮ್ಮಪ್ಪನ ಕಾಲದಿಂದ ಇರೋದೇ ಹಾಗೆ. ಚಹಾ ಆರೋಯ್ತು ನೋಡು."

ಶಿಗೆನೊ ಕೂತಳು. ಅವಳಿಗೆ ಅವಮಾನಕ್ಕಿಂತ ಹೆಚ್ಚಾಗಿ ಭಯವಾಗಿತ್ತು. ಮನೆಗೆ ಹೋಗುವ ದಾರಿಯಲ್ಲಿ ಹಾತ್ಸುಯೊ ಕೇಳಿದಳು: "ಇನ್ನೆರಡು ತಿಂಗಳಿಗೆ ನಿನ್ನ ಹಕ್ಕಿನ ತೀರ್ಮಾನ ಇದೆ. ಈಗ್ಲೇ ಅವರನ್ನ ಎದುರು ಹಾಕ್ಕೊಳ್ಳೋದು ಬೇಕಿತ್ತಾ?"

"ಅವರು ಸತ್ರೆ ತೀರ್ಮಾನ ಮಾಡೋಕೆ ಯಾರೇ ಇರ್ತಾರೆ?" ಎಂದಳು ಶಿಗೆನೊ.

ಮಾರ್ಚಿನ ಎರಡನೆಯ ಭಾನುವಾರ ಆಕಾಶ ತೊಳೆದಿಟ್ಟ ಹಾಗಿತ್ತು. ಬೆಂಕಿಬೆಟ್ಟ ಆಸೊದ ಬಾಯಿಂದ ಹೊಗೆ ನೆಟ್ಟಗೆ ಮೇಲೇರುತ್ತಿತ್ತು, ಗಾಳಿ ಇಲ್ಲವೆಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ. ತೊಕುಜಿ ಹೆಸರು ಕೂಗಿದ. ಕೈಯಲ್ಲಿ ಉರಿಯುವ ಹುಲ್ಲಿನ ಕಂತೆ ಹಿಡಿದು ನೆಲದ ಮೇಲೆ ಬೆಂಕಿ ಎಳೆದುಕೊಂಡು ಹೋಗುವುದು ಪೂರ್ತಿ ಆಳುಗಳ ಕೆಲಸ. ಅರ್ಧಾಳುಗಳು ಬಿದಿರ ಕೋಲಿನ ತುದಿಗೆ ಹಸಿ ಸೀಳು ಹೆಣೆದ ಬಡಿಗೆ ಹಿಡಿದು ಅಂಚಿನಲ್ಲಿ ನಿಲ್ಲಬೇಕು, ಹಾರಿ ಬಂದ ಕಿಡಿ ಬಡಿದು ಆರಿಸಬೇಕು. ಅವರು ಬೆಂಕಿ ಹಚ್ಚುವಂತಿಲ್ಲ. ಅದು ಊರಿನ ಕಟ್ಟುನಿಟ್ಟಾದ ನಿಯಮ. ಶಿಗೆನೊ, ಹಾತ್ಸುಯೊ ಮತ್ತು ಇನ್ನಿಬ್ಬರು ಹೆಂಗಸರು ಶಿಗೆನೊಳ ಇಳಿಜಾರಿನ ಅಂಚಿಗೆ ನಿಂತರು. ಹಕ್ಕಿಲ್ಲದ ಹಾತ್ಸುಯೊ ಬರಬೇಕಾಗಿರಲಿಲ್ಲ. ಆದರೂ ಬಂದಿದ್ದಳು, ಅಭ್ಯಾಸಬಲ.

ತೊಕುಜಿ, ಕಾನೆಮಾತ್ಸು ಮತ್ತೆ ಐವರು ಕಾಗೆಗುಡ್ಡದ ನಡುವಿನ ಕುದುರೆದಾರಿಗೆ ಹೋದರು. ಹುಲ್ಲು ಅವರ ತಲೆಗಿಂತ ಎತ್ತರವಿತ್ತು. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಕಾಣದಾದರು. ಅವರು ದಾರಿಯಿಂದ ಮೇಲಕ್ಕೆ ನಿಧಾನ ಸುಟ್ಟುಕೊಂಡು ಹೋಗಬೇಕು, ಮೇಲಿನದು ಸುಟ್ಟು ಕಪ್ಪಾದ ಮೇಲೆ ಕೆಳಗಿನ ಹನ್ನೆರಡು ಜನ ಬುಡಕ್ಕೆ ಹಚ್ಚಬೇಕು. ಕ್ರಮ ಇಷ್ಟೇ.

ಮೇಲಿನವರು ಇನ್ನೂ ಹಚ್ಚಲು ಶುರುಮಾಡಿದ್ದರಷ್ಟೆ. ಕಣಿವೆಯಿಂದ ಗಾಳಿ ಎದ್ದಿತು. ಶಿಗೆನೊ ಆಸೊದ ಹೊಗೆ ಬಾಗಿದ್ದನ್ನು ನೋಡಿದಳು. ಅದೇ ಹೊತ್ತಿಗೆ ಕೆಳಗಿನಿಂದ, ಆ ಬೆಳಿಗ್ಗೆಯೇ ಸುಟ್ಟಿದ್ದ ಇನ್ನೊಂದು ಗುಡ್ಡದಲ್ಲಿ ಆರಿತೆಂದುಕೊಂಡಿದ್ದ ಒಂದು ಕೆಂಡ ಹಾರಿ ಕಾಗೆಗುಡ್ಡದ ಬುಡಕ್ಕೆ ಬಿತ್ತು. ಬೀಳುವುದೊಂದೇ ತಡ, ಒಣಕಲಿನ ಪದರಕ್ಕೆ ಹತ್ತಿ ಉರಿ ಎದ್ದಿತು, ಎದ್ದ ಉರಿ ಬಾಗಿ ಮೇಲಕ್ಕೆ ತಿರುಗಿತು. ಅದು ಹುಲ್ಲು ಸುಡುವ ಸದ್ದಾಗಿರಲಿಲ್ಲ, ಮಳೆಗಾಲದ ಹೊಳೆಯ ಮೊರೆತವಾಗಿತ್ತು.

ಏಳು ಜನ ಏನು ಮಾಡುತ್ತಾರೆಂದು ಶಿಗೆನೊಗೆ ಗೊತ್ತಿತ್ತು. ಬೆಂಕಿ ಕೆಳಗಿನಿಂದ ಬಂದರೆ ಮನುಷ್ಯ ಮೇಲೆ ಓಡುತ್ತಾನೆ. ಗುಡ್ಡದ ನೆತ್ತಿಗೆ ಇನ್ನೂ ನೂರೈವತ್ತು ಮಾರು ಇತ್ತು, ಅಷ್ಟುದ್ದಕ್ಕೂ ಅದೇ ಹುಲ್ಲು. ಬೆಂಕಿ ಮನುಷ್ಯನಿಗಿಂತ ವೇಗವಾಗಿ ಗುಡ್ಡ ಹತ್ತುತ್ತದೆ.

ಅವಳು ಬಡಿಗೆ ಎಸೆದಳು. ಕೊರಕಲಿನ ಅಂಚಿಗೆ ಓಡಿ, ಒಣಹುಲ್ಲು ಕಿತ್ತು ಕಂತೆ ಮಾಡಿ, ಹಾರಿ ಬಂದು ಉರಿಯುತ್ತಿದ್ದ ಒಂದು ತುಂಡಿನಿಂದ ಅದಕ್ಕೆ ಬೆಂಕಿ ಹಿಡಿಸಿಕೊಂಡು, ಬಗ್ಗಿ, ತನ್ನದೇ ಇಳಿಜಾರಿಗೆ ಎಳೆದಳು.

"ಶಿಗೆನೊ! ಏನ್ ಮಾಡ್ತಿದೀಯೆ? ಹುಚ್ಚಾ ನಿಂಗೆ?" ಹಾತ್ಸುಯೊ ಕಿರುಚಿದಳು.

"ಅಂಚು ನೋಡ್ಕೊಳ್ಳಿ! ಆಚೆ ದಾಟೋಕೆ ಬಿಡಬೇಡಿ, ಬಡೀರಿ!"

ಎರಡು ಸಲ ಕೊಯ್ದು ನೆಲಮಟ್ಟಕ್ಕೆ ಇಳಿಸಿದ ಇಳಿಜಾರು ಅದು. ಬೇರು ಹಿಡಿದು ಮಲಗಿದ್ದ ಹೂಗಿಡಗಳ ಮೇಲೆ ಒಣಗಿದ ಕೂಳೆ ಬಿಟ್ಟರೆ ಸುಡಲು ಏನೂ ಇರಲಿಲ್ಲ. ಉರಿ ಗೇಣುದ್ದ ಎದ್ದು, ಚಾಪೆ ಬಿಚ್ಚಿದ ಹಾಗೆ ಸರಸರನೆ ಹರಡಿ, ಮೇಲಿನ ದಾರಿಗೆ ಮುಟ್ಟಿ ತಾನೇ ಸತ್ತಿತು. ಎರಡು ಗದ್ದೆಯಷ್ಟು ನೆಲ ಕಪ್ಪಗಾಗಿ ಹೊಗೆಯಾಡಿತು. ಇನ್ನು ಅಲ್ಲಿ ಯಾವ ಬೆಂಕಿಗೂ ತಿನ್ನಲು ಏನೂ ಉಳಿದಿರಲಿಲ್ಲ. ಶಿಗೆನೊ ಅದರ ನಡುವೆ ಓಡಿ ನಿಂತಳು. ರಬ್ಬರ್ ಬೂಟಿನ ತಳ ಬಿಸಿಗೆ ಮೆತ್ತಗಾಗುತ್ತಿತ್ತು. ಹೊಗೆಗೆಂದು ಮುಖಕ್ಕೆ ಕಟ್ಟಿದ್ದ ಬಟ್ಟೆ ಕೆಳಗೆಳೆದು, ಎರಡೂ ಕೈ ಬಾಯಿಗಿಟ್ಟು, ಜೀವಮಾನದಲ್ಲಿ ಎಂದೂ ಕೂಗದಷ್ಟು ಜೋರಾಗಿ ಕೂಗಿದಳು.

"ತೊಕುಜೀ! ಮೇಲೆ ಹೋಗಬೇಡ! ಎಡಕ್ಕೆ! ಕೊರಕಲಿಗೆ ಇಳಿ! ನನ್ನ ದನಿ ಕಡೆ ಬಾ!"

ಹೊಗೆ ಬಿಟ್ಟು ಏನೂ ಕಾಣಲಿಲ್ಲ. ಅವಳು ಮತ್ತೆ ಕೂಗಿದಳು. ಒಬ್ಬೊಬ್ಬರ ಹೆಸರೂ ಹಿಡಿದು, ಏಳು ಹೆಸರೂ, ಒಂದಾದ ಮೇಲೊಂದು, ಮತ್ತೆ ಮೊದಲಿಂದ. ಗಂಟಲು ಹರಿದಂತಾಯಿತು, ನಿಲ್ಲಿಸಲಿಲ್ಲ.

ಹುಲ್ಲಿನೊಳಗೆ ತೊಕುಜಿ ಆಗಲೇ ನಾಲ್ಕು ಹೆಜ್ಜೆ ಮೇಲಕ್ಕೆ ಓಡಿದ್ದ, ಉಳಿದವರು ಅವನ ಹಿಂದೆ. ದನಿ ಕೇಳಿಸಿತು. ಎಡಕ್ಕೆ ಹೋಗುವುದೆಂದರೆ ಬೆಂಕಿಯ ಬಾಯಿಗೆ ಅಡ್ಡ ಹೋದಂತೆ. ಬುದ್ಧಿಯಿದ್ದ ಯಾರೂ ಹೋಗುವುದಿಲ್ಲ. ಆಮೇಲೆ ಎಷ್ಟೋ ಸಲ ಅವನನ್ನು ಕೇಳಿದ್ದಾರೆ, ಆಗ ಯಾಕೆ ತಿರುಗಿದೆ ಎಂದು. "ಅಲ್ಲಿ ಹೂವು ಇದ್ದದ್ದು ನೆನಪಾಯ್ತು," ಎಂದಷ್ಟೇ ಅವನು ಹೇಳುತ್ತಾನೆ. ಅವನು ತಿರುಗಿದ, ಆರು ಜನ ತಿರುಗಿದರು. ಕಾನೆಮಾತ್ಸು ಕೊರಕಲಿಗೆ ಮಕಾಡೆ ಬಿದ್ದ. ತೊಕುಜಿ ಅವನ ಕುತ್ತಿಗೆಪಟ್ಟಿ ಹಿಡಿದು ಎಳೆದ. ಹೊಗೆಯಿಂದ ಒಬ್ಬೊಬ್ಬರಾಗಿ ಹೊರಬಂದು ಕಪ್ಪು ನೆಲದ ಮೇಲೆ ಕುಸಿದರು. ಶಿಗೆನೊ ಬೆರಳಿಟ್ಟು ಎಣಿಸಿದಳು. ಆರು. ಮತ್ತೆ ಎಣಿಸಿದಳು, ಆರೇ. ಏಳನೆಯವನು ಕೆಮ್ಮುತ್ತ ನಾಲ್ಕು ಕಾಲಲ್ಲಿ ತೆವಳಿಕೊಂಡು ಬಂದ. ಅವನ ಹಿಂದೆ ಉರಿ ಮನೆಯೆತ್ತರ ಎದ್ದು ಕಾಗೆಗುಡ್ಡದ ನೆತ್ತಿಗೆ ನುಗ್ಗಿತು. ಅಲ್ಲಿಂದ ಮುಂದೆ, ಅವರೇ ಸೆಪ್ಟೆಂಬರಿನಲ್ಲಿ ಕೊಯ್ದು ಬೋಳು ಮಾಡಿದ್ದ ರೇಖೆಗೆ ಬಂದು ನಿಂತಿತು.

ತೊಕುಜಿಯ ಒಂದು ಕಿವಿ ಬೊಬ್ಬೆ ಎದ್ದಿತ್ತು. ಕಾನೆಮಾತ್ಸುವಿನ ಹುಬ್ಬುಗಳು ಪೂರ್ತಿ ಹೋಗಿ ಮುಖ ಬೇಯಿಸಿದ ಮೊಟ್ಟೆಯಂತೆ ಕಾಣುತ್ತಿತ್ತು. ಶಿಗೆನೊ ಬೈಯಲು ಶುರುಮಾಡಿದಳು.

"ಕೂತಿರೋದೇನು? ಬೂಟು ನೋಡ್ಕೊಳ್ಳಿ, ಹೊಗೆ ಬರ್ತಿದೆ. ಲೋ ಕಾನೆಮಾತ್ಸು, ಬಾಯಿ ಮುಚ್ಚು, ಬೂದಿ ಹೋಗ್ತದೆ."

ಊರಲ್ಲಿ ಒಂದು ತಿಂಗಳು ಇದೇ ಮಾತು. ಆರು ಮನೆಗಳಿಂದ ಅವಳ ಬಾಗಿಲಿಗೆ ಏನಾದರೊಂದು ಬಂತು: ಶೋಚು ಹೆಂಡದ ಸೀಸೆ, ಅಕ್ಕಿ ಕಡುಬು, ಬಿಳಿ ಮೂಲಂಗಿ. ತೊಕುಜಿ ಮಾತ್ರ ಬರಲಿಲ್ಲ. ಅವನು ಒಬ್ಬನೇ ಕಾಗೆಗುಡ್ಡಕ್ಕೆ ಹೋಗಿ ಬೂದಿಯಲ್ಲಿ ಓಡಾಡುವುದನ್ನು ಜನ ನೋಡಿದ್ದರು.

ಏಪ್ರಿಲ್ ಸಭೆಗೆ ನಲವತ್ತು ಮನೆಯವರೂ ಬಂದರು. ಶಿಗೆನೊ ಎಂದಿನಂತೆ ಚಹಾ ಹಂಚಿ ಬಾಗಿಲ ಹತ್ತಿರ ಹಾತ್ಸುಯೊಳ ಪಕ್ಕ ಕೂತಳು. ತೊಕುಜಿಯ ಕಿವಿಗೆ ಇನ್ನೂ ಬಟ್ಟೆ ಕಟ್ಟಿತ್ತು. ಅವನು ಎದ್ದು ನಿಂತು ಎಲ್ಲರೆದುರು ಅವಳ ಕಡೆ ತಿರುಗಿ ಸೊಂಟ ಬಗ್ಗಿಸಿ ವಂದಿಸಿದ. ಮುಖ್ಯಸ್ಥನೊಬ್ಬ ಹೆಂಗಸಿಗೆ ಹಾಗೆ ಬಗ್ಗಿದ್ದನ್ನು ಆ ಸಭಾಮನೆ ಕಂಡಿರಲಿಲ್ಲ.

"ಅಕ್ಕ, ಫೆಬ್ರವರೀಲಿ ನಾನು ನಿನ್ನ ಮಾತು ಕೇಳಬೇಕಿತ್ತು. ಕೇಳಲಿಲ್ಲ. ತಪ್ಪು ನಂದು. ನಿನ್ನ ಮೂರು ವರ್ಷ ಇವತ್ತಿಗೆ ಮುಗೀತು. ನಿಯಮದ ಪ್ರಕಾರ ಹಕ್ಕು ಹೋಗಬೇಕು. ಆದ್ರೆ ನೀನು ಮಾಡಿದ ಉಪಕಾರಕ್ಕೆ, ನಿನ್ನ ಒಬ್ಬಳ ಮಟ್ಟಿಗೆ, ನೀನಿರೋವರೆಗೂ ಹಕ್ಕು ಇರಲಿ ಅಂತ ನಾವೆಲ್ಲ ಮಾತಾಡಿದೀವಿ."

ಚಪ್ಪಾಳೆ ಬಿತ್ತು. ಹಾತ್ಸುಯೊ ಗೆಳತಿಯ ಮೊಣಕೈ ಹಿಡಿದು ಅದುಮಿದಳು; ಅವಳ ಕಣ್ಣಲ್ಲಿ ನಿಜವಾದ ಸಂತೋಷವಿತ್ತು, ತನಗೇನೂ ಸಿಗದಿದ್ದರೂ. ಅದನ್ನು ನೋಡಿದ್ದಕ್ಕೇ ಇರಬೇಕು, ಶಿಗೆನೊ ಎದ್ದಳು.

"ಬೇಡ ಯಜಮಾನ್ರೇ."

"ಏನು ಬೇಡ?"

"ಉಪಕಾರಕ್ಕೆ ಕೊಡೋದು ಬೇಡ. ನೀವು ಕೊಡ್ತೀರಿ, ನಾಳೆ ಇನ್ನೊಬ್ಬ ಯಜಮಾನ ಬಂದು ತಗೋತಾನೆ. ನಾನು ಕೇಳೋದು ಬೇರೆ." ಅವಳ ಗಂಟಲು ಆ ದಿನದಿಂದ ಇನ್ನೂ ಒಡಕಾಗಿತ್ತು, ಎಲ್ಲರೂ ಮುಂದೆ ಬಾಗಿ ಕೇಳಬೇಕಾಯಿತು. "ಆವತ್ತು ಹೊಗೆಯಿಂದ ಎಷ್ಟು ಜನ ಹೊರಗೆ ಬಂದ್ರಿ?"

"ಏಳು ಜನ," ಎಂದ ತೊಕುಜಿ.

"ಕೂಗಿದ್ದು ಅರ್ಧಾಳು. ಹಂಗಾದ್ರೆ ನಿಮ್ಮಲ್ಲಿ ಯಾರಾದ್ರೂ ಅರ್ಧ ಬದುಕಿದ್ದೀರಾ? ಹೇಳಿ. ಪೂರ್ತಿ ಬದುಕಿದೀರ ತಾನೇ?"

ಕೆಟಲಿನ ಮುಚ್ಚಳ ತಟಪಟ ಎನ್ನುತ್ತಿತ್ತು. ತೊಕುಜಿ ಕಿವಿಯ ಬಟ್ಟೆ ಮುಟ್ಟಿ ನೋಡಿಕೊಂಡ. ಅವನ ಮುಖದಲ್ಲಿ ಸಿಟ್ಟು ಬರುವುದೆಂದು ಎಲ್ಲರೂ ಕಾದರು, ಬರಲಿಲ್ಲ. ಅವನು ತಲೆ ಎತ್ತಿದ.

"ಇವತ್ತಿಂದ ಗುಡ್ಡಕ್ಕೆ ಬಂದ ಹೆಂಗಸು ಒಂದು ಆಳು. ಅರ್ಧ ಅಂತ ಹಕ್ಕು ಕಳಕೊಂಡ ಮನೆಗೂ ಅದು ವಾಪಸ್," ಎಂದ. "ಬೇಡ ಅನ್ನೋರು ಕೈ ಎತ್ತಿ. ಆವತ್ತು ನನ್ನ ಜೊತೆ ಇದ್ದ ಆರು ಜನ ಮಾತ್ರ ಎತ್ತೋ ಹಾಗಿಲ್ಲ, ಅವರು ಉಳಿದದ್ದೇ ಅಕ್ಕನಿಂದ."

ಒಂದು ಕೈಯೂ ಏಳಲಿಲ್ಲ. ಕಾನೆಮಾತ್ಸು ಹುಬ್ಬಿಲ್ಲದ ಮುಖ ಹೊತ್ತು ಮೂಲೆಯಿಂದ, "ಎಲ್ಲಾ ಸರಿ, ಆದ್ರೆ ಅವರೂ ಪೂರ್ತಿ ದಿನ ಗುಡ್ಡದಲ್ಲಿದ್ರೆ ಅನ್ನ ಮಾಡೋರು ಯಾರು?" ಎಂದ.

"ನೀನು," ಎಂದರು ಮೂರು ಕಡೆಯಿಂದ ಮೂವರು ಹೆಂಗಸರು ಒಟ್ಟಿಗೆ. ನಗು ಸಭಾಮನೆಯ ಮಾಡಿಗೆ ತಾಗಿತು. ಬಾಯಿಬಡುಕ ಕೂಡ ನಕ್ಕ. ಈ ಸಲ ಮನಸಾರೆ.

ಮನೆ ಕಡೆ ಇಳಿಯುವಾಗ ಹಾತ್ಸುಯೊ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಶಿಗೆನೊಳ ಇಳಿಜಾರಿನಲ್ಲಿ ಕಪ್ಪು ಮಣ್ಣು ಸೀಳಿಕೊಂಡು ಹಳದಿ ಸುಮಿರೆ ಎದ್ದಿತ್ತು, ಬೆರಳೆತ್ತರದ ಗಿಡ, ಮೈತುಂಬ ಹೂವು. ಕಯಾ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಅದು ಎದ್ದು ನೆರಳು ಹಾಕುವುದರೊಳಗೆ ಇವು ಹೂಬಿಟ್ಟು ಬೀಜಕಟ್ಟಿ ಮುಗಿಸಿಬಿಡುತ್ತವೆ.

"ಹಕ್ಕೇನೋ ವಾಪಸ್ ಬಂತು," ಎಂದಳು ಹಾತ್ಸುಯೊ, ಮೂಗು ಒರೆಸಿಕೊಳ್ಳುತ್ತ. "ಆದ್ರೆ ಹಸುವೇ ಇಲ್ಲದವಳು ಗುಡ್ಡ ಇಟ್ಕೊಂಡು ಏನ್ ಮಾಡ್ಲಿ?"

"ಹಸು ಇವತ್ತಿಲ್ಲ ಅಂದ್ರೆ ನಾಳೆ ಬರ್ತದೆ. ನನ್ನದು ಜೂನಿಗೆ ಕರು ಹಾಕ್ತದೆ. ಹೆಣ್ಣಾದ್ರೆ ನಿಂದು."

"ಗಂಡಾದ್ರೆ?"

ಶಿಗೆನೊ ನಿಂತು, ಗೆಳತಿಯ ಒದ್ದೆ ಮುಖವನ್ನು ತನ್ನ ತಲೆಬಟ್ಟೆಯಿಂದ ಒರೆಸಿದಳು. "ಗಂಡಾದ್ರೂ ನಿಂದೇ. ನಮ್ಮೂರಲ್ಲಿ ಇವತ್ತಿಂದ ಎರಡಕ್ಕೂ ಒಂದೇ ಬೆಲೆ."